ಗಂಗಮ್ಮ ನೋಡಿದ ಮೀನು

ಮಾಲೂರು ರೈಲು ನಿಲ್ದಾಣ. ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷ. ಹೆಂಚಿನ ಕಾರ್ಖಾನೆಗಳ ಹೊಗೆ ಇನ್ನೂ ನೆಲ ಬಿಟ್ಟು ಮೇಲೆದ್ದಿಲ್ಲ. ಮದರಾಸಿನ ಗಾಡಿ ಎರಡು ನಿಮಿಷ ನಿಂತು ಈಗಷ್ಟೇ ಹೋಗಿದೆ. ಪ್ಲಾಟ್‌ಫಾರಮ್ಮಿನ ಕೊನೆಗೆ, ಹುಣಸೆಮರದ ಕೆಳಗೆ, ಪೋರ್ಟರ್ ಸೊಣ್ಣಪ್ಪ ಎರಡು ಮರದ ಪೆಟ್ಟಿಗೆ ಇಳಿಸಿಟ್ಟಿದ್ದಾನೆ. ಅವುಗಳ ಮುಂದೆ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತಿದ್ದಾರೆ. ಪೆಟ್ಟಿಗೆಯ ಮುಚ್ಚಳ ತೆಗೆಯುವ ಆತುರವೇನೂ ಅವರಿಗೆ ಇದ್ದಂತಿಲ್ಲ. ಮೊದಲು ಬೂದಿ ಹಚ್ಚಿ ಕೈ ತೊಳೆಯುತ್ತಾರೆ. ಆಮೇಲೆ ಒಂದು ಹಿಡಿ ಐಸ್ ಅಂಗೈಯಲ್ಲಿ ಇಟ್ಟುಕೊಂಡು, ಬೆರಳು ಕೆಂಪಗಾಗುವವರೆಗೆ ಸುಮ್ಮನೆ ಕಾಯುತ್ತಾರೆ.

ಪತ್ರಿಕೆಗೆ ಬರೆಯಲೆಂದು ಬಂದ ನಾನು ಯಾಕೆಂದು ಕೇಳುತ್ತೇನೆ.

"ಬಿಸಿ ಕೈಯಾಗೆ ಮುಟ್ಟಿದ್ರೆ ಮೀನು ಸುಳ್ಳು ಹೇಳ್ತದೆ ಸಾಮಿ," ಅನ್ನುತ್ತಾರೆ ಚಿಕ್ಕಗಂಗಮ್ಮ.

ಮುಚ್ಚಳ ತೆಗೆದು, ಮರದ ಹೊಟ್ಟು ಸರಿಸಿ, ಒಂದೊಂದೇ ಮೀನು ಎತ್ತುತ್ತಾರೆ. ಹೆಬ್ಬೆರಳಿಂದ ಕಿವಿರು ಎತ್ತಿ ಒಳಗಿನ ಬಣ್ಣ ನೋಡುತ್ತಾರೆ. ತೋರುಬೆರಳಿನಿಂದ ಬೆನ್ನನ್ನು ತಲೆಯಿಂದ ಬಾಲದವರೆಗೆ ನಾಲ್ಕು ಕಡೆ ಒತ್ತುತ್ತಾರೆ. ಕೊನೆಗೆ ಹೊಟ್ಟೆಯ ಹಿಂಭಾಗ ಮೂಗಿನ ಹತ್ತಿರ ತಂದು ಒಂದೇ ಒಂದು ಸಲ ಉಸಿರು ಎಳೆಯುತ್ತಾರೆ. ಎರಡನೆಯ ಸಲ ಎಳೆದದ್ದನ್ನು ನಾನು ನೋಡಲಿಲ್ಲ. ಒಳ್ಳೆಯದು ಬಲಗಡೆಯ ಬಿದಿರು ಬುಟ್ಟಿಗೆ, ಬೇಡದ್ದು ಎಡಗಡೆಯ ಗೋಣಿಚೀಲಕ್ಕೆ. ನಾಲ್ಕಾರು ಮೀನು ಆದಮೇಲೆ ನಾನೂ ಒಂದನ್ನು ಆರಿಸುತ್ತೇನೆ, ಕಣ್ಣು ಗಾಜಿನಂತೆ ಹೊಳೆಯುತ್ತಿದ್ದ ಒಂದು ವಂಜರ, ಮದರಾಸಿನ ಕಡೆಯ ದೊಡ್ಡ ಸಮುದ್ರಮೀನು. ಇದಕ್ಕಿಂತ ತಾಜಾ ಇನ್ನೇನಿದ್ದೀತು ಎಂದುಕೊಂಡು ಅವರ ಕೈಗೆ ಕೊಡುತ್ತೇನೆ. ಒತ್ತಿ ನೋಡಿ ಎಡಗಡೆಗೆ ಹಾಕುತ್ತಾರೆ.

"ಕಣ್ಣು ನಂಬಬೇಡಿ. ಐಸಿನಾಗಿಟ್ರೆ ಕಣ್ಣು ಎರಡು ದಿನ ಹೊಳೀತದೆ. ಬೆನ್ನು ನೋಡಿ, ಒತ್ತಿದ ಗುಂಡಿ ಮೇಲಕ್ಕೆ ಬರಲಿಲ್ಲ."

ನಾನೂ ಒತ್ತುತ್ತೇನೆ. ನನಗೆ ಗುಂಡಿಯೂ ಕಾಣುವುದಿಲ್ಲ, ಅದು ಮೇಲಕ್ಕೆ ಬಂದದ್ದೂ ಕಾಣುವುದಿಲ್ಲ.

ಹೀಗೆ ಆರಿಸಿದ ಮೀನು ಹೋಗುವುದು ಎಲ್ಲಿಗೆ ಎಂಬುದು ಮಾಲೂರಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರು ಅಷ್ಟಾಗಿ ನಂಬುವುದೂ ಇಲ್ಲ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡಿನಲ್ಲಿ, ಹಳೆಯ ಮಾವಿನ ಮರಗಳ ನಡುವಿನ ಒಂದು ಹೆಂಚಿನ ಬಂಗಲೆಯಲ್ಲಿ, ಜಪಾನಿನ ಊಟ ಹಾಕುವ ಒಂದು ಹೋಟೆಲಿದೆ. ಹೊರಗೆ ಹೋಟೆಲಿನ ಹೆಸರಿನ ಬೋರ್ಡಿಲ್ಲ. ಮೊದಲು ಹತ್ತಿರದ ಯಂತ್ರದ ಕಾರ್ಖಾನೆಗೆ ಬಂದ ಹದಿನಾಲ್ಕು ಜಪಾನೀ ಎಂಜಿನಿಯರುಗಳಿಗಾಗಿ ಕಂಪನಿ ತೆರೆದದ್ದು. ಈಗ ನಗರದ ಮೂಲೆಮೂಲೆಗಳಲ್ಲಿರುವ ಜಪಾನೀಯರೂ ಒಬ್ಬರ ಬಾಯಿಂದ ಒಬ್ಬರು ಕೇಳಿ, ದಾರಿ ತಪ್ಪಿ, ಮತ್ತೆ ವಿಚಾರಿಸಿ ಇಲ್ಲಿಗೆ ಬರುತ್ತಾರೆ. ಬರುವುದು ಸುಶಿಗಾಗಿ. ಹುಳಿ ಬೆರೆಸಿದ ಅನ್ನವನ್ನು ಬೆರಳುದ್ದದ ಉಂಡೆ ಮಾಡಿ, ಅದರ ಮೇಲೆ ಹಸಿ ಮೀನಿನ ತೆಳುವಾದ ಹೋಳು ಇಟ್ಟು ಕೊಡುವ ತಿಂಡಿ ಅದು. ಒಲೆಯ ಮೇಲೆ ಇಡುವುದಿಲ್ಲ, ಉಪ್ಪು ಖಾರ ಹಚ್ಚುವುದಿಲ್ಲ. ಸಮುದ್ರದಿಂದ ಇನ್ನೂರು ಮೈಲಿ ದೂರದ ಈ ಬಯಲುಸೀಮೆಯಲ್ಲಿ ಅಂಥ ಮೀನು ತಿಂದು ಜನ ಸುಖವಾಗಿ ಮನೆಗೆ ಹೋಗುತ್ತಿದ್ದಾರೆಂದರೆ, ಅದಕ್ಕೆ ಕಾರಣ ಈ ಹುಣಸೆಮರದ ಕೆಳಗೆ ಕೂತ ಹೆಂಗಸಿನ ತೋರುಬೆರಳು.

ಚಿಕ್ಕಗಂಗಮ್ಮನವರಿಗೆ ಐವತ್ತೋ ಐವತ್ತೆರಡೋ. ಹುಟ್ಟಿದ್ದು ಲಕ್ಕೂರಿನ ಕಡೆ, ಕೆರೆ ನಂಬಿ ಬದುಕುವ ಬೆಸ್ತರ ಮನೆಯಲ್ಲಿ. ಮನೆಯಲ್ಲಿ ಆಡುವುದು ಅರ್ಧ ತೆಲುಗು, ಅರ್ಧ ಕನ್ನಡ. ಗಂಡ ಗಂಗುಲಪ್ಪ ಬಲೆ ಹೆಣೆಯುತ್ತಾರೆ. ಬೀಸಲು ಈಗ ತೋಳಿನಲ್ಲಿ ಶಕ್ತಿಯಿಲ್ಲ. ಮದುವೆಯಾದಾಗಿನಿಂದ ಮಾಲೂರು ಸಂತೆಯಲ್ಲಿ ಕೆರೆಮೀನು ಮಾರಿದವರು ಇವರೇ. ಸಮುದ್ರ ನೋಡಿಲ್ಲ. ಮದರಾಸು ಕೂಡ ನೋಡಿಲ್ಲ.

ಮೂರು ವರ್ಷದ ಹಿಂದೆ, ಎಂದರೆ ಎಂಬತ್ನಾಲ್ಕರಲ್ಲಿ, ಆ ಸಂತೆಗೆ ವೈಟ್‌ಫೀಲ್ಡಿನ ಹೋಟೆಲಿನ ಅಡುಗೆಯವರಾದ ಇಶಿದ ಎಂಬವರು ಬಂದರು. ಜೊತೆಗೆ ಹೋಟೆಲಿನ ವ್ಯವಹಾರ ನೋಡಿಕೊಳ್ಳುವ ಕದಿರೇಶ. ಬಂಗಾರಪೇಟೆಯ ಹತ್ತಿರದವನಾದ ಕದಿರೇಶನಿಗೆ ಕನ್ನಡ, ತೆಲುಗು, ತಮಿಳು, ಇಂಗ್ಲಿಷು ಎಲ್ಲ ಬರುತ್ತದೆ. ಇಶಿದ ಅವರಿಗೆ ಬರುವುದು ಜಪಾನಿ ಮತ್ತು ಹರಕುಮುರುಕು ಇಂಗ್ಲಿಷು. ನಗರದ ಮಾರ್ಕೆಟ್ಟುಗಳನ್ನೆಲ್ಲ ಸುತ್ತಿ ಮೀನು ಮೆಚ್ಚದೆ, ಹೋಟೆಲು ತೆರೆದು ಆರು ತಿಂಗಳಾದರೂ ಒಂದು ಸುಶಿಯನ್ನೂ ಮಾಡದೆ ಕೂತಿದ್ದರಂತೆ ಅವರು.

"ಅವತ್ತು ಈಯಮ್ಮ ಒಬ್ಬ ಗಿರಾಕಿ ಜೊತೆ ಜಗಳ ಆಡ್ತಿದ್ರು," ಎಂದು ಕದಿರೇಶ ನೆನೆಯುತ್ತಾನೆ. "ಅವನು ಒಂದು ದಪ್ಪ ಮೀನು ತೋರ್ಸಿ ಅದೇ ಬೇಕು ಅಂತಾನೆ. ಇವರು ಅದು ನಿನ್ನೇದು, ಕೊಡಲ್ಲ ಅಂತಾರೆ. ಮಾರೋಕ್ಕೆ ಕೂತೋರು ಮಾರಲ್ಲ ಅಂತಿರೋದು ಇಶಿದ ಸಾಹೇಬ್ರಿಗೆ ಭಾಷೆ ತಿಳೀದಿದ್ರೂ ಅರ್ಥ ಆಯ್ತು. ಅಲ್ಲೇ ಎರಡು ಗಂಟೆ ನಿಂತುಬಿಟ್ರು."

ಮುಂದಿನ ವಾರ ಇಶಿದ ಮದರಾಸಿನಿಂದ ತರಿಸಿದ ಐದು ಸಮುದ್ರದ ಮೀನು ಹಿಡಿದುಕೊಂಡು ಮತ್ತೆ ಬಂದರು. ಅವುಗಳನ್ನು ತಾಜಾತನದ ಕ್ರಮದಲ್ಲಿ ಜೋಡಿಸಲು ಹೇಳಿದರು. ಗಂಗಮ್ಮ ಅಂಥ ಮೀನುಗಳ ಹೆಸರೂ ಕೇಳಿರಲಿಲ್ಲ. ಒಂದೊಂದನ್ನೂ ಒತ್ತಿ, ಮೂಸಿ, ಸಾಲಾಗಿ ಇಟ್ಟರು. ಇಶಿದ ಜೇಬಿನಿಂದ ಒಂದು ಚೀಟಿ ತೆಗೆದು ಕದಿರೇಶನಿಗೆ ತೋರಿಸಿದರು. ಮೊದಲೇ ಬರೆದಿಟ್ಟುಕೊಂಡಿದ್ದ ಕ್ರಮ. ಐದಕ್ಕೆ ಐದೂ ಸರಿಯಾಗಿತ್ತು. ಆ ಮನುಷ್ಯ ನಲವತ್ತು ವರ್ಷ ಮೀನು ಕೊಯ್ದವರು.

ಕೆಲಸ ಕೂಡಿಬಂದರೂ ಶುರುವಿನಲ್ಲಿ ಒಂದು ತಕರಾರು ಬಂತು. ಇಶಿದ ಗಂಗಮ್ಮನನ್ನು ಕರೆಯುತ್ತಿದ್ದುದು "ಗಂಗಮ್ಮ ಸಾನ್" ಎಂದು. ಗಂಗಮ್ಮನಿಗೆ ಅದು "ಸಾನಿ" ಎಂದು ಕೇಳಿಸಿತು. ನಮ್ಮ ಕಡೆ ಮರ್ಯಾದಸ್ಥ ಹೆಂಗಸನ್ನು ಹಾಗೆ ಕರೆದವರು ಏಟು ತಿನ್ನದೆ ಹೋಗುವುದಿಲ್ಲ.

"ನಾನು ಬುಟ್ಟಿ ಕುಕ್ಕಿ ಎದ್ದು ಬಂದ್ಬಿಟ್ಟೆ," ಎಂದು ಗಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ. "ಕದಿರೇಸ ಹಿಂದೇನೇ ಓಡಿಬಂದ. ಅಕ್ಕಾ, ಅದು ಆ ಸಾನಿ ಅಲ್ಲ, ದೊರೆಸಾನಿ ಅಂತಾರಲ್ಲ, ಅಂಗೆ ಮರ್ಯಾದೆ ಮಾತು ಅಂದ. ಸರಿ ಬಿಡು, ನಾನೂ ಅವ್ರನ್ನ ಇಸಿದಪ್ಪ ಅಂತೀನಿ ಅಂದೆ."

ವಾರಕ್ಕೆ ಮೂರು ದಿನ ಮೀನು ಬರುತ್ತದೆ: ಮಂಗಳವಾರ, ಗುರುವಾರ, ಶನಿವಾರ. ಬೆಂಗಳೂರಿಗೆ ಹೋಗಿ ಇಳಿದರೆ ಮತ್ತೆ ಅಷ್ಟು ದೂರ ವಾಪಸು ಬರಬೇಕು. ಮದರಾಸಿನ ಗಾಡಿ ವೈಟ್‌ಫೀಲ್ಡಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಪೆಟ್ಟಿಗೆ ಇಳಿಯುವುದು ಮಾಲೂರಿನಲ್ಲಿ. ಆ ದಿನಗಳಲ್ಲಿ ಗಂಗಮ್ಮ ನಾಲ್ಕಕ್ಕೆ ಎದ್ದು, ಐಸ್‌ಕ್ಯಾಂಡಿ ಮಾಡುವವರ ಮನೆಯಿಂದ ಐಸ್ ಹೊತ್ತುಕೊಂಡು ಒಂದೂವರೆ ಮೈಲಿ ನಡೆಯುತ್ತಾರೆ. ಮೂವತ್ತರಿಂದ ನಲವತ್ತು ಮೀನು ನೋಡಲು ಅವರಿಗೆ ಬೇಕಾದದ್ದು ಅರ್ಧ ಗಂಟೆ. ಬಲಗಡೆಯ ಬುಟ್ಟಿಯಲ್ಲಿ ಉಳಿಯುವುದು ಹತ್ತೋ ಹನ್ನೆರಡೋ. ಅದಕ್ಕೆ ಹೊಸ ಐಸ್ ತುಂಬಿ, ಒದ್ದೆ ಗೋಣಿ ಹೊದಿಸಿ, ಆರೂ ಹತ್ತರ ಪ್ಯಾಸೆಂಜರ್ ಹತ್ತುತ್ತಾರೆ. ಬುಟ್ಟಿಯ ತೂಕ ಹದಿನೆಂಟು ಕೇಜಿಗೆ ಕಡಿಮೆಯಿಲ್ಲ. ದೇವನಗೊಂದಿ ದಾಟಿ ವೈಟ್‌ಫೀಲ್ಡಿನಲ್ಲಿ ಇಳಿದು ಮತ್ತೆ ಒಂದು ಮೈಲಿ ನಡಿಗೆ. ಮೊದಮೊದಲು ಡ್ಯೂಟಿಗೆ ಹೋಗುವವರು ಮೂಗು ಮುಚ್ಚಿಕೊಂಡು ಬೈಯುತ್ತಿದ್ದರಂತೆ. ಒಂದು ದಿನ ಗಂಗಮ್ಮ ಬುಟ್ಟಿಯ ಗೋಣಿ ತೆಗೆದು, "ವಾಸ್ನೆ ಎಲ್ಲೈತೆ ತೋರ್ಸಿ" ಎಂದರು. ಬಗ್ಗಿ ನೋಡಿದವರಿಗೆ ವಾಸನೆ ಸಿಗಲಿಲ್ಲ. ಈಗ ಬಾಗಿಲ ಪಕ್ಕದ ಜಾಗ ಅವರದೇ.

ಇಷ್ಟೇ ಆಗಿದ್ದರೆ ಇದು ಚುರುಕು ಬೆರಳಿನ ಒಬ್ಬ ಹೆಂಗಸಿನ ಕತೆಯಾಗಿ ಮುಗಿಯುತ್ತಿತ್ತು. ಆದರೆ ಸೊಣ್ಣಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಆ ಗುರುವಾರದ ಸಮಾಚಾರ ಕೇಳಿ ಸಾರ್, ಅವರಾಗಿ ಹೇಳಲ್ಲ," ಎನ್ನುತ್ತಾನೆ.

ಎಂಬತ್ತಾರರ ಫೆಬ್ರವರಿ. ಜಪಾನಿನಿಂದ ಕಂಪನಿಯ ದೊಡ್ಡವರು ಬಂದಿದ್ದರು. ಮಧ್ಯಾಹ್ನ ಬಂಗಲೆಯಲ್ಲಿ ಇಪ್ಪತ್ತೆರಡು ಜನಕ್ಕೆ ಊಟ, ಎಲ್ಲ ಸುಶಿಯೇ. ಅಂದು ಜೋಲಾರಪೇಟೆಯ ಈಚೆಗೆ ಎಂಜಿನ್ ಕೆಟ್ಟು ಮದರಾಸಿನ ಗಾಡಿ ನಿಂತುಬಿಟ್ಟಿತು. ಮಾಲೂರಿಗೆ ಬಂದಾಗ ಹತ್ತೂವರೆ. ಕಾದು ಕಾದು ಕದಿರೇಶ ತಾನೇ ಹೋಟೆಲಿನ ವ್ಯಾನು ತಂದಿದ್ದ. ಮೊದಲ ಪೆಟ್ಟಿಗೆಯ ಐಸೆಲ್ಲ ನೀರಾಗಿ ಹೋಗಿತ್ತು; ಮುಚ್ಚಳ ತೆಗೆದ ಕೂಡಲೆ ಸೊಣ್ಣಪ್ಪನಿಗೂ ಗೊತ್ತಾಯಿತು. ಎರಡನೆಯದರಲ್ಲಿ ಇನ್ನೂ ಒಂದಿಷ್ಟು ಐಸ್ ಉಳಿದಿತ್ತು. ಅದರಲ್ಲಿದ್ದದ್ದು ಆರು ದೊಡ್ಡ ವಂಜರ, ಕಿವಿರು ಕೆಂಪಗೆ, ಕಣ್ಣು ಮಿರಮಿರ.

"ಚೆನ್ನಾಗೈತಲ್ಲಕ್ಕಾ, ಇಷ್ಟು ಸಾಕು, ಹತ್ತಿ," ಎಂದ ಕದಿರೇಶ.

ಗಂಗಮ್ಮ ಕೈ ತಣ್ಣಗೆ ಮಾಡಿಕೊಂಡು ಆರನ್ನೂ ಒತ್ತಿದರು. ಆರನ್ನೂ ಎಡಗಡೆಗೆ ಇಟ್ಟರು.

"ಬೇಡ ನಾಯ್ನಾ."

"ಬೇಡ ಅಂದ್ರೆ ಹೆಂಗಕ್ಕಾ? ಅಲ್ಲಿ ಇಪ್ಪತ್ತೆರಡು ಜನ ಬರ್ತಾವ್ರೆ. ನಮ್ಮ ಹೋಟ್ಲು ಉಳಿಯೋದು ಇವತ್ತಿನ ಊಟದ ಮೇಲೈತೆ. ನೀವು ತಗೊಂಡು ಬನ್ನಿ, ಬೇಕೋ ಬೇಡ್ವೋ ಸಾಹೇಬ್ರು ನೋಡ್ಕೊಳ್ಲಿ."

"ಇಪ್ಪತ್ತೆರಡು ಜನ ಎದುರಿಗೆ ಕೂತಿದ್ರೆ ಯಾರ ಮೂಗೂ ಸರಿಯಾಗಿ ಕೆಲ್ಸ ಮಾಡಲ್ಲ. ಅವ್ರದ್ದೂ ಮಾಡಲ್ಲ."

ಅಷ್ಟು ಹೇಳಿ ಗಂಗಮ್ಮ ಸೊಂಟದ ಕತ್ತಿ ತೆಗೆದರು. ಆರೂ ಮೀನುಗಳನ್ನು ಉದ್ದಕ್ಕೂ ಸೀಳಿ, ಹಳಿಯ ಪಕ್ಕದಲ್ಲಿ ಸುರಿದಿದ್ದ ಎಂಜಿನ್ ಬೂದಿಯ ಗುಡ್ಡೆಯಲ್ಲಿ ಹೊರಳಿಸಿಬಿಟ್ಟರು. ತೊಳೆದು ಉಪಯೋಗಿಸೋಣ ಎಂದರೂ ಆಗಬಾರದು, ಹಾಗೆ. ಒಂದೇ ಒಂದು ಹೋಳನ್ನು ಮಾತ್ರ ಮುತ್ತುಗದ ಎಲೆಯಲ್ಲಿ ಸುತ್ತಿ ಇಟ್ಟುಕೊಂಡರು. ಕದಿರೇಶ ತಲೆಯ ಮೇಲೆ ಕೈಹೊತ್ತು ಕಲ್ಲುಬೆಂಚಿನ ಮೇಲೆ ಕೂತ.

"ನಾನು ಅವತ್ತು ಆಡಬಾರದ ಮಾತೆಲ್ಲ ಆಡ್ದೆ," ಎಂದು ಕದಿರೇಶ ಈಗ ತಲೆತಗ್ಗಿಸುತ್ತಾನೆ. "ನಾಳೆಯಿಂದ ಬರೋದು ಬೇಡ ಅಂದೆ. ನನ್ನ ಕೆಲ್ಸವೂ ಹೋಗ್ತದೆ ಅಂತ ಭಯ. ಅವರು ವ್ಯಾನು ಕೆರೆ ಕಡೆ ತಿರುಗ್ಸು ಅಂದ್ರು, ಅಷ್ಟೆ."

ದೊಡ್ಡ ಕೆರೆಯಲ್ಲಿ ಗಂಗಮ್ಮನ ತಮ್ಮ ಮುನಿಶಾಮಿ ಹಿಡಿದ ಮೀನನ್ನು ಬಿದಿರುಗೂಡಿನಲ್ಲಿ ನೀರೊಳಗೇ ಮುಳುಗಿಸಿ ಜೀವಂತ ಇಟ್ಟುಕೊಳ್ಳುವವನು. ಅಲ್ಲಿಂದ ಹದಿಮೂರು ಕೊರಮೀನು ಎತ್ತಿದರು. ಕೊರಮೀನು ಗಟ್ಟಿ ಜೀವ; ಒದ್ದೆ ಗೋಣಿಯಲ್ಲಿ ಗಂಟೆಗಟ್ಟಲೆ ಬದುಕುತ್ತದೆ. ವ್ಯಾನು ವೈಟ್‌ಫೀಲ್ಡ್ ಮುಟ್ಟಿದಾಗ ಹನ್ನೆರಡಾಗಿತ್ತು. ಅತಿಥಿಗಳು ಆಗಲೇ ಹಜಾರದಲ್ಲಿ ಕೂತಿದ್ದರು. ಅಡುಗೆಮನೆಯಲ್ಲಿ ಅನ್ನ ಕಲಸಿ, ಚಾಕು ಮಸೆದು, ಬಿಳಿ ಬಟ್ಟೆ ಕಟ್ಟಿಕೊಂಡು ನಿಂತಿದ್ದ ಇಶಿದ, ಮಿಸುಕಾಡುತ್ತಿದ್ದ ಗೋಣಿಯನ್ನೊಮ್ಮೆ ನೋಡಿದರು, ಗಂಗಮ್ಮನನ್ನೊಮ್ಮೆ ನೋಡಿದರು.

ಕದಿರೇಶ ಇಂಗ್ಲಿಷಿನಲ್ಲಿ ವಿವರಿಸಲು ಬಾಯಿ ತೆರೆದ. ಅದಕ್ಕೂ ಮುಂಚೆ ಗಂಗಮ್ಮ ಎಲೆಯ ಪೊಟ್ಟಣ ಬಿಚ್ಚಿ ಮುಂದೆ ಹಿಡಿದರು. ಇಶಿದ ಆ ಹೋಳನ್ನು ಮೂಸಿದರು. ಬೆಳಕಿಗೆ ಹಿಡಿದರು. ಚಾಕುವಿನ ತುದಿಯಲ್ಲಿ ಸಾಸಿವೆಯಷ್ಟು ತೆಗೆದು ನಾಲಗೆಗೆ ಇಟ್ಟುಕೊಂಡು, ಉಗುಳಿ, ಬಾಯಿ ತೊಳೆದರು. ಆಮೇಲೆ ಕನ್ನಡದಲ್ಲಿ ಒಂದು ಮಾತು ಆಡಿದರು.

"ಬೇಡ."

ಶುರುವಿನ ದಿನಗಳಲ್ಲಿ ಮಾಲೂರಿಗೆ ಬಂದು ಹುಣಸೆಮರದ ಕೆಳಗೆ ನಿಂತು ಕೇಳಿ ಕೇಳಿ ಅವರು ಕಲಿತಿದ್ದ ಮಾತು ಅದೊಂದೇ. ಎರಡು ಕೈಯನ್ನೂ ತೊಡೆಯ ಮೇಲಿಟ್ಟು, ಕೆರೆನೀರಿನಲ್ಲಿ ಒದ್ದೆಯಾದ ಸೀರೆಯಲ್ಲಿ ನಿಂತಿದ್ದ ಆ ಹೆಂಗಸಿನ ಮುಂದೆ ಸೊಂಟದವರೆಗೆ ಬಗ್ಗಿದರು. ಕದಿರೇಶ ಹೇಳುವ ಪ್ರಕಾರ, ಮತ್ತೆ ನೆಟ್ಟಗಾಗಲು ಬಹಳ ಹೊತ್ತು ತೆಗೆದುಕೊಂಡರು.

"ನಂಗೆ ಏನ್ ಮಾಡ್ಬೇಕೋ ಗೊತ್ತಾಗ್ಲಿಲ್ಲ," ಎನ್ನುತ್ತಾರೆ ಗಂಗಮ್ಮ. "ವಯಸ್ಸಾದೋರು. ನಾನೂ ಬಗ್ಗಿದೆ."

ಇಶಿದ ತಾವೇ ಹಜಾರಕ್ಕೆ ಹೋದರು. "ಇವತ್ತು ಹಸಿ ಮೀನಿಲ್ಲ. ಮೀನು ನೋಡುವವರು ಬೇಡ ಅಂದಿದ್ದಾರೆ," ಎಂದರಂತೆ. ಕೆರೆಯ ಮೀನು ಹಸಿಯಾಗಿ ತಿನ್ನುವಂಥದ್ದಲ್ಲ ಎಂಬುದು ಅವರಿಗೆ ಗೊತ್ತು. ಹದಿಮೂರು ಕೊರಮೀನುಗಳನ್ನೂ ಇದ್ದಿಲ ಮೇಲೆ ಹದವಾಗಿ ಬೇಯಿಸಿ ಬಡಿಸಿದರು. ಎಲ್ಲರಿಗೂ ಹಿಡಿಸಿತೆಂದೇನೂ ಇಲ್ಲ. ಒಬ್ಬರು ಅರ್ಧದಲ್ಲೇ ಎದ್ದರು. ಮೇಲಿನವರಿಂದ ಕಾರಣ ಕೇಳಿ ಕಾಗದವೂ ಬಂತು. ಇಶಿದ ಉತ್ತರ ಬರೆದರು. ಏನು ಬರೆದರೋ ಕದಿರೇಶನಿಗೆ ತಿಳಿಯದು. ಹೋಟೆಲು ಮುಚ್ಚಲಿಲ್ಲ. ಬದಲಿಗೆ ಎರಡು ವಾರ ಕಳೆದಮೇಲೆ ಬಂಗಲೆಯ ಬಾಗಿಲ ಬಳಿ ಒಂದು ಮರದ ಫಲಕ ಬಂತು. ಮೀನಿರುವ ದಿನ ಅದನ್ನು ನೇತುಹಾಕುತ್ತಾರೆ, ಇಲ್ಲದ ದಿನ ತೆಗೆದಿಡುತ್ತಾರೆ.

ಅದರಲ್ಲಿ ಜಪಾನಿ ಅಕ್ಷರದಲ್ಲಿ ಏನು ಬರೆದಿದೆ ಎಂದು ಒಬ್ಬ ಎಂಜಿನಿಯರನ್ನು ಕೇಳಿ ತಿಳಿದುಕೊಂಡೆ. "ಗಂಗಮ್ಮನವರು ಬಂದಿದ್ದಾರೆ" ಎಂದಿದೆಯಂತೆ.

ನಗರದಿಂದ ಬರುವವರು ಹೊರಡುವ ಮುಂಚೆ ಫೋನು ಮಾಡುತ್ತಾರೆ. ಇವತ್ತು ಸುಶಿ ಇದೆಯೇ ಎಂದು ಕೇಳುವುದಿಲ್ಲ. ಗಂಗಮ್ಮ ಬಂದರೇ ಎಂದು ಕೇಳುತ್ತಾರೆ. ಫಲಕ ಬಂದಮೇಲೆ ಹನ್ನೊಂದು ಸಲ ಅವರು ಖಾಲಿ ಬುಟ್ಟಿ ಹೊತ್ತು ಬಂದದ್ದುಂಟು, ಪ್ರತಿ ಸಲವೂ ತಾವೇ ಬಂದು ಹೇಳಿ ಹೋಗಿದ್ದಾರೆ. ಹನ್ನೊಂದು ದಿನವೂ ಫಲಕ ಒಳಗೇ ಇತ್ತು. ಫಲಕದ ಮೇಲೆ ತಮ್ಮ ಹೆಸರಿರುವುದು ಗಂಗಮ್ಮನಿಗೆ ಗೊತ್ತಿರಲಿಲ್ಲ. ನಾನು ಹೇಳಿದಾಗ, "ನನ್ ಹೆಸ್ರು ಯಾತಕ್ಕೆ ಬರೀಬೇಕಿತ್ತು," ಎಂದು ಬುಟ್ಟಿಯ ಗೋಣಿ ಸರಿಪಡಿಸಿದರು.

ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಅಂದು ಮೀನು ಸೀಳಿ ಬೂದಿಗೆ ಹಾಕುವ ಧೈರ್ಯ ಎಲ್ಲಿಂದ ಬಂತು? ಇದನ್ನು ನಾನು ಎರಡು ಸಲ ಕೇಳಬೇಕಾಯಿತು. ಎರಡನೆಯ ಸಲ ಅವರು ಕೈಯಲ್ಲಿದ್ದ ಐಸನ್ನು ಕೆಳಗಿಟ್ಟರು.

"ಎಪ್ಪತ್ಮೂರ್ರಾಗೆ ಕೆರೆ ತಳ ಕಂಡಿತ್ತು. ಕೆಸರಾಗೆ ಮೀನು ಬಾಯಿ ಬಾಯಿ ಬಿಡ್ತಿದ್ವು. ಊರೆಲ್ಲ ಬಾಚ್ಕೊಂಡ್ರು, ನಾನೂ ಒಂದು ಬುಟ್ಟಿ ತಂದೆ. ಮಾರನೇ ದಿನ ಮಧ್ಯಾಹ್ನಕ್ಕೆ ಸಾರು ಮಾಡ್ದೆ. ಹುಣಸೆಹುಳಿ, ಖಾರ ಎಲ್ಲಾ ಜಾಸ್ತಿ ಹಾಕ್ದೆ, ಚೆನ್ನಾಗಿರಲಿ ಅಂತ. ಹುಳಿ ವಾಸ್ನೆ ಮುಚ್ಚಿಬಿಡ್ತು. ನಮ್ಗೆಲ್ಲ ವಾಂತಿ ಭೇದಿ. ನಾವು ಎದ್ವಿ. ನಮ್ ಮಗಳು ಮುನಿಯಲ್ಲಮ್ಮ ಏಳ್ಲಿಲ್ಲ. ಆರು ವರ್ಷ ಅವಳಿಗೆ."

ಪ್ಯಾಸೆಂಜರ್ ಬರುವ ಗಂಟೆ ಹೊಡೆಯುತ್ತದೆ. ಅವರು ಎದ್ದು ಸಿಂಬಿ ತಲೆಗೆ ಇಟ್ಟುಕೊಳ್ಳುತ್ತಾರೆ.

"ಆ ಮೀನು ನಾನೇ ತಂದಿದ್ದು ಸಾಮಿ. ಆಮೇಲೆ ಒಂದು ವರ್ಷ ಮೀನು ಮುಟ್ಲಿಲ್ಲ. ಬೇರೆ ಕಸುಬು ಗೊತ್ತಿಲ್ಲ, ತಿರ್ಗಾ ಮುಟ್ಲೇಬೇಕಾಯ್ತು. ಮುಟ್ಟೋದಾದ್ರೆ ಸರಿಯಾಗಿ ಮುಟ್ಬೇಕು ಅನ್ಕೊಂಡೆ. ಇವ್ರು ಹಸೀದು ತಿಂತಾರೆ ಅಂತ ಕದಿರೇಸ ಹೇಳ್ದಾಗ ನಂಗೆ ಸಮಾಧಾನವೇ ಆಯ್ತು. ಹುಳಿ ಖಾರ ಇಲ್ಲ, ಮುಚ್ಚಿಡಾಕೆ ಏನೂ ಇಲ್ಲ. ನಾನು ನೋಡಿದ್ದೇ ಕೊನೆ."

ಅಂಥ ತಿಂಡಿಯನ್ನು ನೀವೂ ತಿಂದಿದ್ದೀರಾ ಎಂದು ಗಾಡಿಯಲ್ಲಿ ಕೇಳುತ್ತೇನೆ. ಒಂದೇ ಒಂದು ಸಲ, ಎನ್ನುತ್ತಾರೆ. ಆ ಗುರುವಾರ ಕಳೆದ ಒಂದು ತಿಂಗಳಿಗೆ ಇಶಿದ ಒಂದು ಉಂಡೆ ಮಾಡಿ ಅವರ ಅಂಗೈಯಲ್ಲಿ ಇಟ್ಟರಂತೆ. ಬೇಡವೆನ್ನಲು ಆಗಲಿಲ್ಲ. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು.

"ಹೆಂಗಿತ್ತು?"

ಗಂಗಮ್ಮ ಕಿಟಕಿಯಾಚೆ ನೋಡುತ್ತ ಯೋಚಿಸುತ್ತಾರೆ. "ತಣ್ಣಗಿತ್ತು. ಮೀನಿನ ವಾಸ್ನೇನೇ ಇರ್ಲಿಲ್ಲ. ಮೀನಿಗೆ ವಾಸ್ನೆ ಇರ್ತದೆ ಅಂತ ನಾವು ಅನ್ಕೊಂಡಿದ್ದೀವಲ್ಲ, ಅದು ಮೀನಿಂದಲ್ಲ, ಹೊತ್ತು ಕಳೆದಿದ್ದರದ್ದು."

ಮುಂದಿನ ಯುಗಾದಿಯ ಹೊತ್ತಿಗೆ ಇಶಿದ ತಮ್ಮ ಊರಿಗೆ ಹಿಂದಿರುಗುತ್ತಾರೆ. ಬೇರೆ ಅಡುಗೆಯವರು ಬರುತ್ತಾರಂತೆ. ಹೋಟೆಲಿನ ಹಿಂಬಾಗಿಲಲ್ಲಿ ಬುಟ್ಟಿ ಇಳಿಸಿ ಮುಖ ಒರೆಸಿಕೊಳ್ಳುತ್ತಿದ್ದ ಗಂಗಮ್ಮನಿಗೆ, ನಿಮಗೇನಾದರೂ ಆಸೆ ಇದೆಯೇ, ಹೇಳಿ, ಪೇಪರಿನಲ್ಲಿ ಬರೆಯುತ್ತೇನೆ ಎನ್ನುತ್ತೇನೆ. ಇಲ್ಲವೆನ್ನುವಂತೆ ತಲೆ ಅಲ್ಲಾಡಿಸುತ್ತಾರೆ. ಒಳಗೆ ಇಶಿದ ಮೊದಲ ಮೀನನ್ನು ಹಲಗೆಯ ಮೇಲೆ ಇಟ್ಟಿದ್ದಾರೆ. ಅದನ್ನು ಅವರು ಮೂಸಿಯೂ ನೋಡುವುದಿಲ್ಲ, ನೇರವಾಗಿ ಚಾಕು ಇಡುತ್ತಾರೆ.

ಗಂಗಮ್ಮ ನನ್ನ ಕಡೆಗೆ ತಿರುಗುತ್ತಾರೆ. "ಒಂದೈತೆ. ಹೋಗೋಕೆ ಮುಂಚೆ ಒಂದ್ಸಲ ನಮ್ ಮನೇಗೆ ಬಂದು ಉಣ್ಲಿ. ಹಸೀದು ಅವ್ರು ಕೊಟ್ರು, ನಾನು ತಿಂದೆ. ಬೇಯ್ಸಿದ್ದು ನಾನು ಇಕ್ತೀನಿ, ಕೊರಮೀನು ಸಾರು, ಮುದ್ದೆ. ಖಾರ ಕಮ್ಮಿ ಹಾಕ್ತೀನಿ. ಭಯ ಬೇಡ, ಮೀನು ನಾನೇ ನೋಡಿರ್ತೀನಿ ಅಂತ ಹೇಳಿ."